ತುದಿ ತೆಳ್ಳಗಿರುವ ಜಡೆಗೆ ಏನು ಕಟ್ಟೋಣ: ಬ್ಯಾಂಡೋ, ಟೇಪೋ, ಚವರಿಯೋ?

ಮಿಕ್ಸಿಯ ಹಿಂದೆ ಒಂದು, ಬಚ್ಚಲ ಜಾಲರಿಯ ಮೇಲೆ ಒಂದು, ಸ್ಕೂಟರಿನ ಡಿಕ್ಕಿಯಲ್ಲಿ ಎರಡು. ಕಳೆದ ತಿಂಗಳು ಮನೆ ಗುಡಿಸುವಾಗ ಸಿಕ್ಕಿದ ಹೇರ್‌ಬ್ಯಾಂಡ್‌ಗಳ ಲೆಕ್ಕ ಇದು. ಒಂದೂ ಕಿತ್ತಿರಲಿಲ್ಲ, ಒಂದೂ ಸಡಿಲವಾಗಿರಲಿಲ್ಲ. ನನ್ನ ಜಡೆಯಿಂದ ಸದ್ದಿಲ್ಲದೆ ಜಾರಿ, ಬಿದ್ದಲ್ಲೇ ಉಳಿದಿದ್ದವು. ಕುತ್ತಿಗೆಯ ಹತ್ತಿರ ಹಿಡಿ ತುಂಬುವ ಜಡೆ ಸೊಂಟಕ್ಕೆ ಬರುವಷ್ಟರಲ್ಲಿ ಇಲಿಬಾಲವಾಗಿಬಿಡುತ್ತದೆ. ಬಸ್ಸಿನಲ್ಲಿ ಹಿಂದೆ ಕೂತವರು "ಮೇಡಂ, ನಿಮ್ ಜಡೆ ಬಿಚ್ಚೋಗಿದೆ" ಅನ್ನುವುದು, ನಾನು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಕೂದಲು ಮುದುರಿಕೊಳ್ಳುವುದು, ಇದೇ ಆಗಿತ್ತು.

ಇದಕ್ಕೊಂದು ಗತಿ ಕಾಣಿಸೋಣವೆಂದು ಮನೆಯಲ್ಲಿದ್ದ, ಅಂಗಡಿಯಲ್ಲಿ ಸಿಕ್ಕ, ನೆಂಟರು ಹೇಳಿದ ಎಲ್ಲವನ್ನೂ ಸರದಿಯ ಮೇಲೆ ಕಟ್ಟಿ ನೋಡಿದೆ. ಬೆಳಿಗ್ಗೆ ಎಂಟಕ್ಕೆ ಕಟ್ಟುವುದು, ಬನಶಂಕರಿಯಿಂದ ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ನಡಿಗೆ, ಸಂಜೆ ಬಂದು ಕನ್ನಡಿಯ ಮುಂದೆ ನಿಂತು ಕಟ್ಟು ಎಷ್ಟು ಬೆರಳು ಕೆಳಗಿಳಿದಿದೆ ಎಂದು ಅಳೆಯುವುದು. ಮಗಳಿಗೆ ನಗು. ಆದರೆ ಬೆರಳಿನ ಅಳತೆ ಸುಳ್ಳು ಹೇಳುವುದಿಲ್ಲ.

ಮೊದಲು, ಜಾರುವುದು ಯಾಕೆ

ಎತ್ತಿನ ಕೋಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಅಲುಗಾಡಿಸಿದರೆ ಅದು ಎತ್ತ ಹೋಗುತ್ತದೆ? ತುದಿಯತ್ತಲೇ. ತೆಳ್ಳಗಾಗುತ್ತ ಹೋಗುವ ಜಡೆಯೂ ಹಾಗೇ ಒಂದು ಇಳಿಜಾರು. ನಾವು ಮಾಡುವ ತಪ್ಪೆಂದರೆ, ಜಾರಿತು ಅಂದ ಕೂಡಲೇ ಇನ್ನೊಂದು ಸುತ್ತು ಹಾಕಿ ಬಿಗಿಯುವುದು. ಇಳಿಜಾರಿನ ಮೇಲೆ ಬಿಗಿ ಹೆಚ್ಚಿಸಿದಷ್ಟೂ ಕೆಳಕ್ಕೆ ತಳ್ಳುವ ಬಲವೂ ಹೆಚ್ಚುತ್ತದೆ. ಜೊತೆಗೆ ಸುತ್ತು ಹೆಚ್ಚಾದಂತೆ ಬ್ಯಾಂಡು ಉಂಡೆಯಾಗಿ, ತುದಿಯ ಕೂದಲಿಗಿಂತ ಅದರ ತೂಕವೇ ಜಾಸ್ತಿಯಾಗುತ್ತದೆ.

ತುದಿ ತೆಳ್ಳಗಾಗುವುದಕ್ಕೂ ಕಾರಣ ಉಂಟು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಅದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ನಾಲ್ಕರಿಂದ ಐದು ವರ್ಷ ವಯಸ್ಸು. ಅಷ್ಟು ಕಾಲದ ಬಾಚಣಿಗೆ, ಬಿಸಿಲು, ಬೋರ್‌ವೆಲ್ ನೀರು ಎಲ್ಲವನ್ನೂ ಅದು ಉಂಡಿದೆ. ಮೇಲಾಗಿ ಎಲ್ಲ ಕೂದಲೂ ಅಷ್ಟು ಕಾಲ ತಲೆಯ ಮೇಲೆ ಇರುವುದಿಲ್ಲ. ದಿನಕ್ಕೆ 50ರಿಂದ 100 ಉದುರುವುದು ಸಹಜ, ಅವುಗಳ ಜಾಗದಲ್ಲಿ ಬಂದವು ಇನ್ನೂ ಭುಜದ ಹತ್ತಿರವೇ ಇರುತ್ತವೆ. ದೊಡ್ಡ ಜ್ವರ, ಬಾಣಂತನ ಇವು ಆದ ಎರಡು ಮೂರು ತಿಂಗಳಿಗೆ ಒಮ್ಮೆಲೇ ಕಟ್ಟುಕಟ್ಟಾಗಿ ಉದುರುವುದು ಎಲ್ಲರೂ ಕಂಡದ್ದೇ. ನನಗೆ ಡೆಂಗಿ ಬಂದು ಎರಡು ವರ್ಷವಾಯಿತು. ಆಮೇಲೆ ಹುಟ್ಟಿದ ಕೂದಲು ಈಗ ಇಪ್ಪತ್ತೈದು ಮೂವತ್ತು ಸೆಂಟಿಮೀಟರ್. ಭುಜದವರೆಗೆ ಸಮೃದ್ಧಿ, ಅಲ್ಲಿಂದ ಕೆಳಗೆ ಬರಗಾಲ.

ಆದ್ದರಿಂದ ಏನನ್ನಾದರೂ ಕೊಳ್ಳುವ ಮುಂಚೆ ತುದಿಯ ದಪ್ಪ ನೋಡಿಕೊಳ್ಳಿ. ಕಟ್ಟುವ ಜಾಗದಲ್ಲಿ ಜಡೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಪೆನ್ಸಿಲ್‌ನಷ್ಟು ದಪ್ಪ ಇದೆಯೋ, ಬಾಲ್‌ಪೆನ್ನಿನ ರೀಫಿಲ್‌ನಷ್ಟೋ, ಇಲ್ಲ ಊದುಬತ್ತಿ ಕಡ್ಡಿಯಷ್ಟೋ? ಪೆನ್ಸಿಲ್‌ನವರು ಈ ಬರಹದ ಅರ್ಧ ಓದಿದರೆ ಸಾಕು. ಊದುಬತ್ತಿಯವರು ಕೊನೆವರೆಗೂ ಬನ್ನಿ.

ಬ್ಯಾಂಡ್‌ಗಳು

ಬಟ್ಟೆ ಸುತ್ತಿದ ಮಾಮೂಲಿ ಕಪ್ಪು ಹೇರ್‌ಬ್ಯಾಂಡು ಕುದುರೆಬಾಲಕ್ಕೆ ಮಾಡಿದ್ದು. ಅಷ್ಟು ದೊಡ್ಡ ಬಳೆಯನ್ನು ರೀಫಿಲ್ ದಪ್ಪದ ತುದಿಗೆ ಸುತ್ತಿ ಬಿಗಿಯಬೇಕಾದರೆ ಹತ್ತು ಸುತ್ತಾದರೂ ಬೇಕು. ಪೆನ್ಸಿಲ್ ದಪ್ಪವಿದ್ದರೆ ನಡೆಯುತ್ತದೆ, ಅದಕ್ಕಿಂತ ತೆಳ್ಳಗಿದ್ದರೆ ಬೇಡ. ಕೊಳ್ಳುವಾಗ ಎರಡು ತುದಿ ಸೇರಿಸಲು ಲೋಹದ ತುಣುಕು ಇಟ್ಟಿದ್ದರೆ ವಾಪಸ್ ಇಡಿ. ಕೂದಲು ಅದರ ಸಂದಿಗೆ ಸಿಕ್ಕಿ ಕಿತ್ತು ಬರುತ್ತದೆ.

ರೇಷ್ಮೆಯ, ಸ್ಯಾಟಿನ್‌ನ ದೊಡ್ಡ ನೆರಿಗೆ ಬ್ಯಾಂಡು (ಸ್ಕ್ರಂಚಿ) ಕೂದಲಿಗೆ ಒಳ್ಳೆಯದು ಅನ್ನುತ್ತಾರೆ. ನಿಜ, ಉಜ್ಜುವುದು ಕಡಿಮೆ. ಉಜ್ಜದ್ದು ಹಿಡಿಯುವುದೂ ಇಲ್ಲವಲ್ಲ. ನನ್ನ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಬೇಗ ಸೋತದ್ದು ಇದು. ಬಸ್ಸು ಜಯನಗರ ದಾಟುವ ಮುಂಚೆ ಸೀಟಿನ ಮೇಲಿತ್ತು. ಟೆಲಿಫೋನ್ ವೈರಿನ ಹಾಗೆ ಸುರುಳಿಯಾಗಿರುವ ಪ್ಲಾಸ್ಟಿಕ್ ಬ್ಯಾಂಡಿಗೂ ಇದೇ ಗತಿ.

ಪೇಪರ್ ಕಟ್ಟು, ತರಕಾರಿ ಪೊಟ್ಟಣಕ್ಕೆ ಬರುವ ಬರೀ ರಬ್ಬರ್ ಬ್ಯಾಂಡು ಚೆನ್ನಾಗಿ ಹಿಡಿಯುತ್ತದೆ, ಅದನ್ನು ಒಪ್ಪಬೇಕು. ಬಿಚ್ಚುವಾಗ ಮಾತ್ರ ಅಳಿದುಳಿದ ತುದಿಯನ್ನೂ ಜೊತೆಗೆ ತೆಗೆದುಕೊಂಡು ಬರುತ್ತದೆ. ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ, ಅಂಟಂಟಾಗಿ, ಕೂದಲಿಗೆ ಮೆತ್ತಿಕೊಳ್ಳುವುದು ಬೇರೆ. ತೆಂಗಿನೆಣ್ಣೆ ಹಚ್ಚುವ ತಲೆಗಳಿಗೆ ಇದು ಬೇಡವೇ ಬೇಡ.

ಈ ಗುಂಪಿನಲ್ಲಿ ಇಟ್ಟುಕೊಳ್ಳಲು ಯೋಗ್ಯವಾದದ್ದು ಒಂದೇ: ಮಕ್ಕಳ ಜುಟ್ಟಿಗೆ ಹಾಕುವ, ಬೆರಳ ತುದಿಗೆ ಸರಿಹೋಗುವಷ್ಟು ಚಿಕ್ಕ ಪುಟಾಣಿ ಬ್ಯಾಂಡು. ಡಬ್ಬಿಯಲ್ಲಿ ನೂರಾರು ಬರುತ್ತವೆ. ಸುತ್ತಳತೆಯೇ ಚಿಕ್ಕದಾದ್ದರಿಂದ ಮೂರು ನಾಲ್ಕು ಸುತ್ತಿಗೆ ಬಿಗಿಯಾಗುತ್ತದೆ, ತೂಕವಿಲ್ಲ, ಪಾರದರ್ಶಕ ಇಲ್ಲವೇ ಕಪ್ಪಾಗಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ಸಂಜೆಗೆ ಒಂದೂವರೆ ಬೆರಳು ಇಳಿದಿತ್ತು, ಬಿದ್ದಿರಲಿಲ್ಲ. ಎರಡನೆಯ ದಿನ ಎರಡು ಬ್ಯಾಂಡು ಹಾಕಿದೆ: ಒಂದು ತುದಿಗೆ, ಇನ್ನೊಂದು ಅದಕ್ಕಿಂತ ನಾಲ್ಕು ಬೆರಳು ಮೇಲೆ. ಮೇಲಿನದು ಜಡೆಯ ಹೆಣಿಗೆ ಸಡಿಲವಾಗದಂತೆ ಹಿಡಿದ ಮೇಲೆ ಕೆಳಗಿನದಕ್ಕೆ ಕೆಲಸವೇ ಇರಲಿಲ್ಲ, ಅರ್ಧ ಬೆರಳೂ ಇಳಿಯಲಿಲ್ಲ. ತೆಗೆಯುವಾಗ ಎಳೆಯಬೇಡಿ. ಉಗುರು ಕತ್ತರಿಸುವ ಚಿಕ್ಕ ಕತ್ತರಿಯಿಂದ ಬ್ಯಾಂಡನ್ನೇ ಕತ್ತರಿಸಿ ಬಿಸಾಕಿ. ಒಂದೊಂದು ದಿನಕ್ಕೆ ಒಂದೊಂದು ಪ್ಲಾಸ್ಟಿಕ್ ತುಣುಕು ಕಸಕ್ಕೆ ಹಾಕುವುದು ನನಗೇನೋ ಸರಿಬರುವುದಿಲ್ಲ. ಪ್ರಯಾಣಕ್ಕೆ, ಸಮಾರಂಭಕ್ಕೆ ಇರಲಿ.

ಟೇಪು, ಅಜ್ಜಿಯ ರೀತಿಯಲ್ಲಿ

ರಿಬ್ಬನ್ ಅಂದರೆ ಹೊಸಬರಿಗೆ ತಿಳಿಯುತ್ತದೆ, ನಮ್ಮ ಮನೆಗಳಲ್ಲಿ ಅದು ಟೇಪು. ಟೇಪನ್ನು ತುದಿಗೆ ಸುತ್ತಿ ಹೂ ಕಟ್ಟಿದರೆ ಅದೂ ಬ್ಯಾಂಡಿನ ಹಾಗೇ ಜಾರುತ್ತದೆ, ಸ್ಯಾಟಿನ್ ಆದರಂತೂ ಕಣ್ಣು ಮುಚ್ಚಿ ತೆರೆಯುವುದರೊಳಗೆ. ನಾನು ಶಾಲೆಗೆ ಹೋಗುವಾಗ ಹಾಗೆ ಕಟ್ಟಿಕೊಂಡು ದಿನಾ ಟೇಪು ಕಳೆದು ಬರುತ್ತಿದ್ದೆ. ಅಜ್ಜಿ ಒಂದು ದಿನ ಜಗುಲಿಯ ಮೇಲೆ ಮೊಣಕಾಲ ನಡುವೆ ಕೂರಿಸಿಕೊಂಡು, "ತುದೀಗ್ ಕಟ್ಟಿದ್ರೆ ನಿಲ್ಲತ್ತೇನೇ ಪುಟ್ಟಿ? ಮೇಲಿಂದ್ಲೇ ಸೇರಿಸ್ಕೊಂಡ್ ಹೆಣೀಬೇಕು" ಅಂದಳು. ನಲವತ್ತು ವರ್ಷದ ಮೇಲೆ ಹತ್ತಾರು ಸಾಮಾನು ಕೊಂಡು, ಬೆರಳಲ್ಲಿ ಅಳೆದು ನಾನು ತಲುಪಿದ್ದೂ ಅಲ್ಲಿಗೇ.

ಮಾಡುವುದು ಹೀಗೆ. ಅರ್ಧ ಇಂಚು ಅಗಲದ, ಒಂದೂವರೆ ಮೊಳ ಉದ್ದದ ಟೇಪು ತೆಗೆದುಕೊಳ್ಳಿ. ಮಾಮೂಲಿನಂತೆ ಮೂರು ಎಳೆ ಮಾಡಿ ಹೆಣೆಯುತ್ತ ಬನ್ನಿ. ತುದಿ ಇನ್ನೂ ಒಂದು ಗೇಣು ಇದೆ ಅನ್ನುವಾಗ, ಅಂದರೆ ಜಡೆಗೆ ಇನ್ನೂ ಮೈ ಇರುವ ಜಾಗದಲ್ಲೇ ನಿಲ್ಲಿಸಿ. ಟೇಪನ್ನು ಸರಿಯಾಗಿ ನಡುವೆ ಮಡಿಸಿ, ಆ ಮಡಿಕೆಯನ್ನು ನಡುವಿನ ಎಳೆಯ ಹಿಂದಿನಿಂದ ತನ್ನಿ. ಟೇಪಿನ ಒಂದು ಅರ್ಧ ಎಡದ ಎಳೆಯ ಜೊತೆ, ಇನ್ನೊಂದು ಅರ್ಧ ಬಲದ ಎಳೆಯ ಜೊತೆ ಸೇರುತ್ತದೆ. ಇನ್ನು ಕೂದಲೂ ಟೇಪೂ ಒಂದೇ ಎಂದುಕೊಂಡು ಹೆಣೆಯಿರಿ. ತುದಿಗೆ ನಾಲ್ಕು ಬೆರಳು ಇರುವಾಗ ಒಂದು ಅರ್ಧವನ್ನು ಜಡೆಯ ಸುತ್ತ ಮೂರು ಸುತ್ತು ಸುತ್ತಿ, ಇನ್ನೊಂದು ಅರ್ಧಕ್ಕೆ ಗಂಟು ಹಾಕಿ. ಹೂ ಬೇಕಾದರೆ ಹೂ ಕಟ್ಟಿ.

ಇದರ ಗುಟ್ಟು ಏನೆಂದರೆ, ಗಂಟು ಬೀಳುವುದು ಟೇಪಿಗೂ ಟೇಪಿಗೂ. ಟೇಪು ಮೇಲೆ ದಪ್ಪ ಇರುವಲ್ಲಿ ಸಿಕ್ಕಿಕೊಂಡಿದೆ. ಕೆಳಗೆ ಬರೀ ಇಪ್ಪತ್ತು ಕೂದಲಿದ್ದರೂ ಅವು ಟೇಪಿನ ನಡುವೆ ಸುಮ್ಮನೆ ಹಾದುಹೋಗುತ್ತವೆ, ಭಾರ ಹೊರುವುದಿಲ್ಲ. ಐದು ದಿನ ಕಟ್ಟಿದೆ. ಐದೂ ದಿನ ಸಂಜೆ ಗಂಟು ಬೆಳಿಗ್ಗೆ ಇದ್ದಲ್ಲೇ ಇತ್ತು. ಟೇಪು ಸೇರಿದ್ದರಿಂದ ಇಲಿಬಾಲದ ಭಾಗ ಕೊಂಚ ದುಂಡಗೂ ಕಂಡಿತು.

ಯಾವ ಟೇಪು ಅನ್ನುವುದು ಮುಖ್ಯ. ಹೊಳೆಯುವ ಸ್ಯಾಟಿನ್ ಬೇಡ. ಶಾಲಾ ಮಕ್ಕಳು ಕಟ್ಟುವ, ಮುಟ್ಟಿದರೆ ಸ್ವಲ್ಪ ಒರಟೆನಿಸುವ ನೈಲಾನ್ ಟೇಪು ಪರವಾಗಿಲ್ಲ. ಕತ್ತರಿಸಿದ ಅಂಚನ್ನು ದೀಪದ ಕುಡಿಗೆ ಒಂದು ಕ್ಷಣ ತೋರಿಸಿದರೆ ಎಳೆ ಬಿಡುವುದಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು ಯಾವುದು ಗೊತ್ತೇ? ಲಂಗಕ್ಕೆ ಹಾಕುವ ಹತ್ತಿಯ ಲಾಡಿ. ಕಪ್ಪು ಲಾಡಿ ದರ್ಜಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ನೋಡಿದವರಿಗೆ ಲಾಡಿ ಎಂದು ತಿಳಿಯುವುದಿಲ್ಲ. ನಾನೇ ಹೇಳಿಕೊಂಡು ತಿರುಗುತ್ತಿದ್ದೇನೆ, ಅದು ಬೇರೆ ಮಾತು.

ಟೇಪಿನ ಕೊರತೆ ಒಂದೇ, ಸಮಯ. ಬ್ಯಾಂಡು ಹತ್ತು ಸೆಕೆಂಡಿನ ಕೆಲಸ, ಇದು ಮೂರು ನಿಮಿಷ. ಬೆನ್ನ ಹಿಂದೆ ಕೈ ಎತ್ತಿ ಕಟ್ಟಲಾಗದಿದ್ದರೆ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದುಕೊಳ್ಳಿ. ಕೈನೋವಿರುವವರಿಗೆ ಇನ್ನೊಬ್ಬರ ಸಹಾಯ ಬೇಕೇ ಬೇಕು.

ಹಾಗೇ ಉಲ್ಲನ್ ದಾರವನ್ನೂ ಸೇರಿಸಿ ಹೆಣೆಯಬಹುದು. ಉಣ್ಣೆಯೂ ಕೂದಲೇ ತಾನೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಮಾತ್ರ ದಾರದ ಜುಂಗು ಸಿಕ್ಕಾಗುತ್ತದೆ, ಹಾಗಾಗಿ ಚಿಕ್ಕ ತುಂಡು ಕಟ್ಟಿ, ಆಮೇಲೆ ಕತ್ತರಿಸಿ ತೆಗೆಯುವುದೇ ಸುಖ.

ಮಡಚಿ ಕಟ್ಟುವುದು

ಶಾಲೆಯಲ್ಲಿ ಎರಡು ಜಡೆ ಮೇಲಕ್ಕೆ ಮಡಚಿ ಕಿವಿಯ ಹಿಂದೆ ಟೇಪಿನ ಹೂ ಕಟ್ಟುತ್ತಿದ್ದೆವಲ್ಲ, ಅದು ಬರೀ ಶಿಸ್ತಿಗಲ್ಲದೆ ತುದಿಯ ರಕ್ಷಣೆಗೂ ಒಳ್ಳೆಯ ಉಪಾಯ. ಮಡಚಿದಾಗ ಕಟ್ಟು ಬೀಳುವುದು ಜೋಡಿ ದಪ್ಪದ ಮೇಲೆ, ತುದಿ ಒಳಗೆ ಅಡಗುತ್ತದೆ. ದೊಡ್ಡವರು ಒಂಟಿ ಜಡೆಗೂ ಇದನ್ನೇ ಚಿಕ್ಕದಾಗಿ ಮಾಡಬಹುದು: ಕೊನೆಯ ನಾಲ್ಕೈದು ಬೆರಳನ್ನು ಜಡೆಯ ಹಿಂಭಾಗಕ್ಕೆ ಮಡಚಿ, ಮಡಿಕೆಗಿಂತ ಎರಡು ಬೆರಳು ಮೇಲೆ ಪುಟಾಣಿ ಬ್ಯಾಂಡು ಹಾಕುವುದು. ರೀಫಿಲ್ ದಪ್ಪದವರಿಗೆ ಕಾಸಿಲ್ಲದೆ ಸಿಗುವ ಪರಿಹಾರ. ಉದ್ದ ಸ್ವಲ್ಪ ಕಡಿಮೆ ಕಾಣುತ್ತದೆ. ದಿನವೂ ಒಂದೇ ಜಾಗದಲ್ಲಿ ಮಡಚಿದರೆ ಕೂದಲು ಅಲ್ಲೇ ಮುರಿಯುತ್ತದೆ, ಜಾಗ ಬದಲಿಸುತ್ತಿರಿ.

ಪುಟ್ಟ ಕ್ಲಚ್ಚು, ಟಿಕ್‌ಟಾಕ್ ಕ್ಲಿಪ್ಪು ಇವುಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮಡಚಿದ ತುದಿಗೆ ಟಿಕ್‌ಟಾಕ್ ಕ್ಲಿಪ್ಪು ಒಂದೆರಡು ಗಂಟೆ ನಿಲ್ಲುತ್ತದೆ. ತುದಿಯನ್ನು ಹಿಮ್ಮುಖವಾಗಿ ಬಾಚಿ ಗುಂಗುರು ಎಬ್ಬಿಸಿದರೆ ಕಟ್ಟೇ ಬೇಡ ಅನ್ನುವವರಿದ್ದಾರೆ. ನಿಲ್ಲುವುದೇನೋ ನಿಲ್ಲುತ್ತದೆ, ಆ ಸಿಕ್ಕು ಬಿಡಿಸುವಾಗ ಮುಂದಿನ ವರ್ಷ ಕಟ್ಟಲು ತುದಿಯೇ ಉಳಿಯುವುದಿಲ್ಲ.

ಚವರಿ ಮತ್ತು ಪರಾಂದಿ

ಊದುಬತ್ತಿ ಕಡ್ಡಿಯವರಿಗೆ ಈಗ ಬಂತು. ತುದಿಯಲ್ಲಿ ಕೂದಲೇ ಇಲ್ಲವೆಂದ ಮೇಲೆ ಕೂದಲು ಸೇರಿಸುವುದೇ ದಾರಿ. ಜಡೆಯೊಳಗೆ ಸೇರಿಸಿ ಹೆಣೆಯುವ ಕೂದಲಿನ ಕಟ್ಟೇ ಚವರಿ, ಕೆಲವರ ಬಾಯಲ್ಲಿ ಚೌರಿ, ಚೌಲಿ. ಹೆಸರು ಬಂದದ್ದು ಚಮರಿ ಮೃಗದಿಂದ, ದೇವರಿಗೆ ಬೀಸುವ ಚಾಮರವೂ ಅದೇ ಮೂಲದ್ದು. ಭರತನಾಟ್ಯದ ಹುಡುಗಿಯರ ಸೊಂಟ ದಾಟುವ ಜಡೆಯೆಲ್ಲ ಬಹುಪಾಲು ಇದರ ಕೃಪೆ, ಕೊನೆಗೆ ಮೂರು ಗೊಂಡೆಯ ಜಡೆಕುಚ್ಚು ಬಿಗಿದರೆ ಕುಣಿದರೂ ಕದಲುವುದಿಲ್ಲ. ನಮ್ಮ ರಾಜ್ಯದಲ್ಲೇ ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಸಂಸ್ಕರಿಸುವ ಕೆಲಸಕ್ಕೆ ಹೆಸರಾದ ಊರು. ಹಿಂದೆ ಬಾಚುವಾಗ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು, ಸಾಕಷ್ಟು ಕೂಡಿದ ಮೇಲೆ ಚವರಿ ಮಾಡಿಸಿಕೊಳ್ಳುವುದಿತ್ತು. ತನ್ನ ಕೂದಲು ತನಗೇ ವಾಪಸ್, ಬಣ್ಣ ಹೊಂದುವುದಿಲ್ಲ ಅನ್ನುವ ಮಾತೇ ಇಲ್ಲ.

ಕೊಳ್ಳುವಾಗ ನೈಲಾನಿನದೋ ನಿಜಕೂದಲಿನದೋ ನೋಡಿ. ನೈಲಾನ್ ಅಗ್ಗ, ಆದರೆ ಬಿಸಿಲಲ್ಲಿ ಅದರ ಹೊಳಪು ಬೇರೆಯೇ ಕಾಣುತ್ತದೆ, ನುಣುಪಾಗಿ ಜಾರುವುದೂ ಹೆಚ್ಚು. ನಿಜಕೂದಲಿನದು ದುಬಾರಿ, ತೊಳೆದು ಎಣ್ಣೆ ಹಚ್ಚಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಬಾಗಿಲ ಹೊರಗೆ ತಂದು ನಿಮ್ಮ ಜಡೆಯ ಪಕ್ಕ ಹಿಡಿಯಿರಿ. ಚವರಿಯ ತಲೆಯಲ್ಲಿರುವ ಕುಣಿಕೆಯೊಳಗೆ ನಿಮ್ಮ ಒಂದು ಎಳೆ ತೂರಿಸಿ, ಕುತ್ತಿಗೆಯ ಹತ್ತಿರದಿಂದಲೇ ಹೆಣೆದುಕೊಂಡು ಬರಬೇಕು. ಕೆಳಗೆ ಸೇರಿಸಿದರೆ ಮತ್ತೆ ಹಳೇ ಕಥೆ, ಚವರಿಯ ಸಮೇತ ಜಾರುತ್ತದೆ. ಒಮ್ಮೆ ಮದುವೆಮನೆಯಲ್ಲಿ ಆತುರಕ್ಕೆ ಕೆಳಗೆ ಸೇರಿಸಿಕೊಂಡು ಹೋಗಿದ್ದೆ. ಊಟದ ಸಾಲಿನಲ್ಲಿ ಬಡಿಸುವ ಹುಡುಗ ಹೋಳಿಗೆ ತಟ್ಟೆ ಹಿಡಿದುಕೊಂಡೇ "ಅಮ್ಮಾ, ಏನೋ ಬಿತ್ತು" ಅಂದ. ಏನು ಬಿತ್ತೆಂದು ನೋಡುವ ಧೈರ್ಯ ಅವನಿಗೂ ಇರಲಿಲ್ಲ.

ಚವರಿ ದಿನನಿತ್ಯಕ್ಕೆ ಬೇಡ. ಅದರ ಭಾರವನ್ನು ನಿಮ್ಮ ಬುಡದ ಕೂದಲು ಹೊರಬೇಕು. ಎಳೆತ ಹಾಗೇ ಮುಂದುವರಿದರೆ ಅಂಚಿನ ಕೂದಲು ಉದುರಿ ನೆತ್ತಿ ಕಾಣತೊಡಗುತ್ತದೆ.

ದಿನಕ್ಕೂ ಆಗಬೇಕು, ತುದಿಯೂ ತುಂಬಬೇಕು ಅಂದರೆ ಪಂಜಾಬಿನವರ ಪರಾಂದಿ ನೋಡಿ. ರೇಷ್ಮೆ ಅಥವಾ ಹತ್ತಿ ದಾರದ ಮೂರು ಕಟ್ಟು, ಕೆಳಗೆ ಕುಚ್ಚು. ಮೂರು ಎಳೆಗೂ ಒಂದೊಂದು ಕಟ್ಟು ಸೇರಿಸಿ ಹೆಣೆದರೆ ಜಡೆಯ ಕೊನೆ ಪೂರ್ತಿ ದಾರದ್ದೇ ಆಗುತ್ತದೆ. ಅಜ್ಜಿಯ ಟೇಪಿನ ಲೆಕ್ಕವೇ, ಅಲಂಕಾರ ಮಾತ್ರ ಜಾಸ್ತಿ. ಮಲ್ಲೇಶ್ವರದ 8ನೇ ಕ್ರಾಸಿನ ಕಡೆ ಫ್ಯಾನ್ಸಿ ಸ್ಟೋರುಗಳಲ್ಲಿ ಕೇಳಿದರೆ ತೆಗೆದು ಕೊಡುತ್ತಾರೆ. ಜರಿ, ಗೆಜ್ಜೆ, ಕನ್ನಡಿ ಇಲ್ಲದ ಸಾದಾ ಕಪ್ಪು ಆರಿಸಿ. ಅಲಂಕಾರ ಹೆಚ್ಚಿದಂತೆ ತೂಕವೂ ಹೆಚ್ಚು, ಗೆಜ್ಜೆಯದು ಹಾಕಿಕೊಂಡು ಆಫೀಸಿಗೆ ಹೋದರೆ ಫೈಲು ಹಿಡಿದು ಬರುವುದು ಎಲ್ಲರಿಗೂ ಮೊದಲೇ ಗೊತ್ತಾಗುತ್ತದೆ.

ಕತ್ತರಿ

ಯಾರಿಗೂ ಇಷ್ಟವಾಗದ ಆಯ್ಕೆ ಇದು. ತುದಿಯಿಂದ ಎರಡು ಮೂರು ಇಂಚು ನೇರವಾಗಿ ಕತ್ತರಿಸಿದರೆ ಊದುಬತ್ತಿ ರೀಫಿಲ್ ಆಗುತ್ತದೆ, ರೀಫಿಲ್ ಪೆನ್ಸಿಲ್ ಆಗುತ್ತದೆ. ಕತ್ತರಿಸಿದರೆ ಕೂದಲು ದಪ್ಪ ಬೆಳೆಯುತ್ತದೆ ಅನ್ನುವುದು ಸುಳ್ಳು. ಬೆಳೆಯುವುದು ಬುಡದಲ್ಲಿ, ಬುಡಕ್ಕೆ ಕತ್ತರಿಯ ಸುದ್ದಿಯೇ ಮುಟ್ಟುವುದಿಲ್ಲ. ತೆಳ್ಳಗಿನ ಭಾಗ ಹೋಯಿತು, ಅಷ್ಟೇ.

ಪಾರ್ಲರಿನಲ್ಲಿ ಕೂತಾಗ ಮಾತ್ರ ಬಾಯಿಬಿಟ್ಟು ಹೇಳಿ: ನೇರ ಬೇಕು, ಹೆಚ್ಚೆಂದರೆ ಅಗಲವಾದ ಯು ಆಕಾರ. ವಿ ಆಕಾರದಲ್ಲಿ ಕತ್ತರಿಸಿದರೆ ತುದಿಗೆ ಬರುವುದು ನಡುವಿನ ನಾಲ್ಕು ಕೂದಲು. ಲೇಯರ್ ಕಟ್ ಇನ್ನೂ ಕಷ್ಟ, ಬಿಟ್ಟಕೂದಲಿಗೆ ಚೆಂದ ಕಾಣುವ ಅದು ಜಡೆಗೆ ಶತ್ರು. ಎಳೆ ಎಳೆಯಿಂದಲೂ ಮುಳ್ಳಿನಂತೆ ಕೂದಲು ಚಾಚುತ್ತದೆ, ತುದಿಯಲ್ಲಿ ಏನೂ ಉಳಿಯುವುದಿಲ್ಲ. "ಸ್ವಲ್ಪ ಟ್ರಿಮ್ ಮಾಡಿ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿ ಕೂತ ನನಗೆ ಒಂದು ಪಾರ್ಲರಿನವರು ಕೇಳದೆಯೇ ಲೇಯರ್ ಮಾಡಿ ಕಳಿಸಿದ್ದರು, ಅದು ಇಳಿದು ಸರಿಹೋಗಲು ಎರಡು ವರ್ಷ ಹಿಡಿಯಿತು. ಮಂಗಳವಾರ ಶುಕ್ರವಾರ ಕತ್ತರಿ ಮುಟ್ಟಬಾರದೆನ್ನುವ ಅತ್ತೆಯ ಮಾತನ್ನು ನಾನು ಪಾಲಿಸುತ್ತೇನೆ, ಆ ದಿನಗಳ ನೆಪದಲ್ಲಿ ಇನ್ನೆರಡು ದಿನ ಮುಂದೂಡಬಹುದಲ್ಲ.

ಯಾರಿಗೆ ಯಾವುದು

ತುದಿ ಪೆನ್ಸಿಲ್‌ನಷ್ಟಿದ್ದರೆ ಬಟ್ಟೆ ಸುತ್ತಿದ ಬ್ಯಾಂಡು, ಅದೂ ತುದಿಯಿಂದ ನಾಲ್ಕು ಬೆರಳು ಮೇಲೆ. ರೀಫಿಲ್‌ನಷ್ಟಿದ್ದು ಬೆಳಿಗ್ಗೆ ಹೊತ್ತಿಲ್ಲದವರಿಗೆ ಪುಟಾಣಿ ಬ್ಯಾಂಡು ಎರಡು, ಇಲ್ಲವೇ ಮಡಚಿ ಒಂದು. ಮೂರು ನಿಮಿಷ ಇದ್ದರೆ ನನ್ನ ಮತ ಕಣ್ಣು ಮುಚ್ಚಿ ಲಾಡಿಗೆ. ಊದುಬತ್ತಿಯವರಿಗೆ ದಿನಕ್ಕೆ ಸಾದಾ ಪರಾಂದಿ, ಮದುವೆ ಮುಂಜಿಗೆ ಚವರಿ, ಮನಸ್ಸು ಗಟ್ಟಿಯಿದ್ದರೆ ಕತ್ತರಿ. ಎಣ್ಣೆ ಹಚ್ಚಿದ ದಿನ ರಬ್ಬರ್ ಇರುವ ಯಾವುದೂ ಬೇಡ. ತಲೆ ತೊಳೆದ ದಿನ ಕೂದಲು ಪೂರ್ತಿ ಒಣಗುವ ತನಕ ಬಿಗಿಯಾಗಿ ಏನನ್ನೂ ಕಟ್ಟಬೇಡಿ, ಒದ್ದೆ ಕೂದಲು ಹಿಗ್ಗಿ ಬೇಗ ತುಂಡಾಗುತ್ತದೆ.

ಮಕ್ಕಳ ಜಡೆಯ ವಿಷಯ ಬೇರೆ. ಅವರ ತುದಿ ತೆಳ್ಳಗಿರುವುದು ಉದುರಿ ಅಲ್ಲ, ಎಷ್ಟೋ ಸಲ ಅದು ಹುಟ್ಟಿದಂದಿನಿಂದ ಕತ್ತರಿಸದ ಮೊದಲ ಕೂದಲು. ಮಡಚಿ ಟೇಪು ಕಟ್ಟಿ ಕಳಿಸಿದರೆ ಸಾಕು. ಪುಟಾಣಿ ಬ್ಯಾಂಡನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಆ ಡಬ್ಬಿ ಅಟ್ಟದ ಮೇಲಿರಲಿ.

ರಾತ್ರಿ ಮಲಗುವಾಗ ನಾನು ಈಗ ಲಾಡಿಯನ್ನೇ ಸಡಿಲವಾಗಿ ಸೇರಿಸಿ ಹೆಣೆಯುತ್ತೇನೆ, ಗಂಟು ಒಂದೇ. ಮೊನ್ನೆ ಮಗಳು ಬಂದು ಬೆನ್ನು ತಿರುಗಿಸಿ ಕೂತು "ನಂಗೂ ಅದೇ ಥರ ಹಾಕಮ್ಮ, ಬ್ಯಾಂಡ್ ಸಿಗ್ತಿಲ್ಲ" ಅಂದಳು. ಬ್ಯಾಂಡು ಮಿಕ್ಸಿಯ ಹಿಂದಿತ್ತು. ನಾನು ಹೇಳಲಿಲ್ಲ.